ಕಾಫಿಯಿಂದ ಸಿಗುವ ಕೊಬ್ಬು ಒಂದೇ ವರ್ಷದಲ್ಲಿ ಎರಡು ಪಟ್ಟಾಯಿತೇ?

ನಿಮ್ಮ ಪ್ರಶ್ನೆ ಇಷ್ಟು: ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ಅಂದರೆ ಎಫ್‌ಎಒ, ಪ್ರತಿ ದೇಶಕ್ಕೂ ಆಹಾರ ಸಮತೋಲನ ಪಟ್ಟಿ ಮಾಡುತ್ತದೆ. ಅದರಲ್ಲಿ ‘ಕಾಫಿ ಮತ್ತು ಅದರ ಉತ್ಪನ್ನಗಳಿಂದ ಸಿಗುವ ಕೊಬ್ಬು’ ಅಂತ ಒಂದು ಸಾಲಿದೆ. ನೀವು ನೋಡಿದ ದೇಶದಲ್ಲಿ ಅದು ತಲೆಗೆ ದಿನಕ್ಕೆ 0.01 ಗ್ರಾಂನಿಂದ 0.02 ಗ್ರಾಂಗೆ ಏರಿದೆ. ಜನ ಕಾಫಿಯಿಂದ ಜಾಸ್ತಿ ಕೊಬ್ಬು ತಿನ್ನುತ್ತಿದ್ದಾರಾ ಅಂತ ಕೇಳಿದ್ದೀರಿ.

ಇಲ್ಲ. ಆ ಸಾಲು ಕೊಬ್ಬಿನ ಬಗ್ಗೆ ಏನೂ ಹೇಳುತ್ತಿಲ್ಲ.

ನಾನು ಕೋಲಾರದಲ್ಲಿ ಪದವಿ ಮಕ್ಕಳಿಗೆ ಸಂಖ್ಯಾಶಾಸ್ತ್ರ ಹೇಳಿಕೊಡುತ್ತೇನೆ. ಇದೇ ಪಟ್ಟಿ ಇಟ್ಟುಕೊಂಡು ಒಮ್ಮೆ ನಾನೂ ಮುಗ್ಗರಿಸಿದ್ದೇನೆ. ಕಾಲೇಜಿನ ವಸ್ತುಪ್ರದರ್ಶನಕ್ಕೆ ಮಕ್ಕಳ ಕೈಲಿ ‘ಕಾಫಿ ಕೊಬ್ಬು ಶೇ. 100 ಏರಿಕೆ’ ಅಂತ ದೊಡ್ಡ ಕೆಂಪು ಬಾಣ ಹಾಕಿದ ಚಾರ್ಟ್ ಬರೆಸಿದ್ದೆ. ನೋಡಲು ಬಂದಿದ್ದವರು ನಮ್ಮಪ್ಪ. ಬಂಗಾರಪೇಟೆ ಕಡೆಯ ನಮ್ಮೂರಿನ ಡೈರಿಯಲ್ಲಿ ಎಷ್ಟೋ ವರ್ಷ ಕಾರ್ಯದರ್ಶಿ ಆಗಿದ್ದವರು. ನಮ್ಮ ಕಡೆ ‘ಫ್ಯಾಟ್’ ಅಂದರೆ ಯಾರೂ ಸೊಂಟ ನೋಡಿಕೊಳ್ಳುವುದಿಲ್ಲ, ಹಾಲಿನ ಬಟವಾಡೆ ನೆನಪಿಸಿಕೊಳ್ಳುತ್ತಾರೆ. ಫ್ಯಾಟ್ 3.5 ಬರಬೇಕಾದದ್ದು 3.4 ಬಂದರೆ ಕ್ಯಾನ್ ಅಲ್ಲೇ ಇಟ್ಟು ಜಗಳಕ್ಕೆ ನಿಲ್ಲುತ್ತಾರೆ. ಅಪ್ಪ ಚಾರ್ಟ್ ನೋಡಿ, “ಎಷ್ಟಿದ್ದದ್ದು ಎಷ್ಟಾಯ್ತು?” ಅಂದರು. ಹೇಳಿದೆ. “ಇಷ್ಟಕ್ಕೆ ನಮ್ ಡೈರೀಲಿ ಯಾರೂ ಬಾಯಿ ಬಿಡಲ್ಲ ಕಣೋ” ಅಂದು ಮುಂದಿನ ಟೇಬಲ್‌ಗೆ ಹೋದರು.

ಈಗ ಆ ಅಂಕಿ ಹೇಗೆ ಹುಟ್ಟುತ್ತದೆ ನೋಡಿ. ದೇಶದಲ್ಲಿ ಬೆಳೆದ ಕಾಫಿಗೆ ಆಮದು ಕೂಡಿಸುತ್ತಾರೆ. ರಫ್ತು ಕಳೆಯುತ್ತಾರೆ. ದಾಸ್ತಾನಿನ ಏರಿಳಿತ, ಹಾಳಾದದ್ದು, ಬೇರೆ ಕೆಲಸಕ್ಕೆ ಹೋದದ್ದು ಎಲ್ಲ ಸರಿಪಡಿಸಿ, ಉಳಿದದ್ದನ್ನು ಜನಸಂಖ್ಯೆಗೂ 365 ದಿನಕ್ಕೂ ಭಾಗಿಸುತ್ತಾರೆ. ಹುರಿದ ಪುಡಿ, ಇನ್‌ಸ್ಟಂಟ್ ಪುಡಿ ಇದ್ದರೆ ಅದನ್ನು ಹಸಿ ಬೀಜದ ಲೆಕ್ಕಕ್ಕೆ ತರುತ್ತಾರೆ. ಕಾಫಿ ವ್ಯಾಪಾರದಲ್ಲಿ 1 ಕೆಜಿ ಹುರಿದ ಕಾಫಿಗೆ 1.19 ಕೆಜಿ ಹಸಿ ಬೀಜ ಅಂತ ಲೆಕ್ಕ, ಹುರಿಯುವಾಗ ತೂಕ ಇಳಿಯುತ್ತದಲ್ಲ. ಕೊನೆಗೆ, ಇಷ್ಟು ಕಾಫಿಯಲ್ಲಿ ಇಷ್ಟು ಕೊಬ್ಬು ಅನ್ನುವ ಒಂದು ಅಂಕಿಯಿಂದ ಗುಣಿಸುತ್ತಾರೆ. ಯಾರೂ ಲೋಟಕ್ಕೆ ಮೆಷಿನ್ ಇಟ್ಟು ಫ್ಯಾಟ್ ನೋಡಿಲ್ಲ. ಹಾಗಾಗಿ ಕೊಬ್ಬಿನ ಗೆರೆ ಅಂದರೆ ಕಾಫಿ ತೂಕದ ಗೆರೆಯೇ, ವೇಷ ಮಾತ್ರ ಬೇರೆ. ಅದೂ ಪೂರೈಕೆಯ ಲೆಕ್ಕ. ಕುಡಿದದ್ದರ ಲೆಕ್ಕ ಅಲ್ಲ.

ಇದರ ಮೇಲೆ ಎರಡು ದಶಾಂಶಕ್ಕೆ ದುಂಡಾಗಿಸುವ ಆಟ. ನಿಜವಾದ ಅಂಕಿ 0.014 ಇದ್ದರೆ 0.01 ಅಂತ ಕಾಣುತ್ತದೆ. 0.016 ಆದರೆ 0.02. ಏರಿದ್ದು ಶೇ. 14ರಷ್ಟು, ಚಾರ್ಟಿನಲ್ಲಿ ಕಾಣುವುದು ಎರಡು ಪಟ್ಟು! ನನ್ನ ಕೆಂಪು ಬಾಣ ಹುಟ್ಟಿದ್ದು ಇಲ್ಲೇ. ನಿಮ್ಮದೂ ಹೀಗೇ ಇರಬಹುದು.

ಹಾಗಾದರೆ ಕಾಫಿಯಲ್ಲಿ ಕೊಬ್ಬೇ ಇಲ್ಲವಾ? ಬೀಜದಲ್ಲಿ ಚೆನ್ನಾಗಿಯೇ ಇದೆ. ಅರೇಬಿಕಾದಲ್ಲಿ ತೂಕದ ಸುಮಾರು ಶೇ. 15, ರೋಬಸ್ಟಾದಲ್ಲಿ ಸುಮಾರು ಶೇ. 10. ಕಪ್ಪಗೆ ಹುರಿದ ಬೀಜ ಎಣ್ಣೆ ಸವರಿದ ಹಾಗೆ ಹೊಳೆಯುವುದು, ಪುಡಿ ಕಟ್ಟಿಕೊಟ್ಟ ಕಾಗದದ ಪೊಟ್ಟಣದಲ್ಲಿ ಜಿಡ್ಡಿನ ಕಲೆ ಬೀಳುವುದು, ಹಳೇ ಪುಡಿ ಕಮಟು ವಾಸನೆ ಹೊಡೆಯುವುದು, ಎಲ್ಲ ಈ ಎಣ್ಣೆಯಿಂದಲೇ. ಆದರೆ ಡಿಕಾಕ್ಷನ್ ಇಳಿದಾಗ ಅದರ ಬಹುಪಾಲು ಫಿಲ್ಟರಿನ ಚರಟದಲ್ಲೇ ಉಳಿಯುತ್ತದೆ.

ನಮ್ಮ ದೇಶಕ್ಕೇ ಒಂದು ಒರಟು ಲೆಕ್ಕ ಹಾಕೋಣ. ಭಾರತದಲ್ಲಿ ವರ್ಷಕ್ಕೆ ಸುಮಾರು ಮೂರೂವರೆ ಲಕ್ಷ ಟನ್ ಕಾಫಿ ಬೆಳೆಯುತ್ತದೆ. ಅದರಲ್ಲಿ ಶೇ. 70ರ ಆಸುಪಾಸು ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನದ್ದು. ಜಾಸ್ತಿ ಪಾಲು ರಫ್ತಾಗುತ್ತದೆ. ದೇಶದೊಳಗೆ ಒಂದು ಲಕ್ಷ ಟನ್ ಉಳಿಯಿತು ಅಂತಿಟ್ಟುಕೊಳ್ಳಿ. 140 ಕೋಟಿ ಜನಕ್ಕೆ ಹಂಚಿದರೆ ತಲೆಗೆ ವರ್ಷಕ್ಕೆ 71 ಗ್ರಾಂ, ದಿನಕ್ಕೆ 0.2 ಗ್ರಾಂ. ಬೀಜವನ್ನೇ ಜಗಿದು ನುಂಗಿದರೂ ಕೊಬ್ಬು 0.02ರಿಂದ 0.03 ಗ್ರಾಂ ದಾಟುವುದಿಲ್ಲ.

ಇನ್ನು ನಮ್ಮ ಅಡುಗೆಮನೆಗೆ ಬನ್ನಿ. ಅಮ್ಮ ಬೆಳಿಗ್ಗೆ ಒಂದು ಲೋಟಕ್ಕೆ ಹಾಕುವುದು ಎರಡು ಸೌಟು ಹಾಲು, ಹೆಚ್ಚುಕಮ್ಮಿ 100 ಮಿಲಿ. ಟೋನ್ಡ್ ಹಾಲೇ ಆದರೂ ಅದರಲ್ಲಿ ಶೇ. 3 ಕೊಬ್ಬು ಇರಬೇಕು ಅಂತ ನಿಯಮ. ಸೀಮೆ ಹಸುವಿನ ಹಾಲು ಇನ್ನೂ ಸ್ವಲ್ಪ ಮೇಲೆ. ಅಂದರೆ ಲೋಟಕ್ಕೆ 3 ಗ್ರಾಂ, ದಿನಕ್ಕೆ ಎರಡು ಲೋಟ ಕುಡಿದರೆ 6 ಗ್ರಾಂ. ನಿಮ್ಮ ಚಾರ್ಟಿನ 0.02ಕ್ಕೆ ಮುನ್ನೂರು ಪಟ್ಟು! ಎಫ್‌ಎಒ ಪಟ್ಟಿಯಲ್ಲಿ ಇದು ಕಾಫಿ ಸಾಲಿಗೆ ಬರುವುದೇ ಇಲ್ಲ. ಹಾಲಿಗೆ ಬೇರೆ ಸಾಲು, ಸಕ್ಕರೆಗೆ ಬೇರೆ ಸಾಲು. ನಮ್ಮ ಕಾಫಿಯ ಕೊಬ್ಬು ಹುಡುಕಬೇಕಾದರೆ ಹಾಲಿನ ಸಾಲಿಗೇ ಹೋಗಬೇಕು.

ಒಂದು ಅಡ್ಡಮಾತು. ಕಾಫಿ ಎಣ್ಣೆ ಇಷ್ಟೇ ಇಷ್ಟಾದರೂ ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಅದರಲ್ಲಿ ಕೆಫೆಸ್ಟಾಲ್ ಅನ್ನುವ ವಸ್ತು ಇದೆ, ಅದು ರಕ್ತದ ಕೊಲೆಸ್ಟ್ರಾಲ್ ಏರಿಸುತ್ತದೆ. 1980ರ ದಶಕದಲ್ಲಿ ನಾರ್ವೆಯ ಟ್ರೊಮ್ಸೊದಲ್ಲಿ ನಡೆದ ಹೃದಯ ಅಧ್ಯಯನದಲ್ಲಿ ಕಾಫಿ ಜಾಸ್ತಿ ಕುಡಿಯುವವರ ಕೊಲೆಸ್ಟ್ರಾಲೂ ಜಾಸ್ತಿ ಇತ್ತು. ಅಲ್ಲಿನವರು ಪುಡಿ ನೀರಿಗೆ ಹಾಕಿ ಕುದಿಸಿ ಹಾಗೇ ಕುಡಿಯುತ್ತಿದ್ದರು. ಪೇಪರ್ ಫಿಲ್ಟರ್ ಈ ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಇದು ಕೆಫೆಸ್ಟಾಲ್‌ನ ಗುಣದ ಮಾತು, ಗ್ರಾಂಗಟ್ಟಲೆ ಕೊಬ್ಬಿನ ಮಾತಲ್ಲ. ನಿಮ್ಮ ಸಾಲಿನಲ್ಲಿ ಇದಂತೂ ಕಾಣುವುದಿಲ್ಲ.

ನೀವು ಟ್ರೆಂಡ್ ಬರೆಯಲೇಬೇಕು ಅಂದರೆ ಕೊಬ್ಬಿನ ಸಾಲು ಬಿಟ್ಟು, ತಲೆಗೆ ವರ್ಷಕ್ಕೆ ಎಷ್ಟು ಕೆಜಿ ಅನ್ನುವ ಸಾಲು ತೆಗೆದುಕೊಳ್ಳಿ. ಅಲ್ಲಿ ಏರಿಳಿತ ನಿಜವಾಗಿ ಕಾಣುತ್ತದೆ. ಹಳೇ ಸರಣಿ 1961ರಿಂದ 2013ರವರೆಗೆ. ಹೊಸ ವಿಧಾನದ್ದು 2010ರಿಂದ ಶುರು. ಎರಡನ್ನೂ ಅಂಟಿಸಿ ಒಂದೇ ಗೆರೆ ಎಳೆಯಬೇಡಿ, ಹೊಲಿಗೆ ಹಾಕಿದ ಜಾಗದಲ್ಲಿ ಸುಳ್ಳು ಜಿಗಿತ ಬರುತ್ತದೆ. 2010ರಿಂದ 2013ರವರೆಗಿನ ಅಂಕಿ ಎರಡರಲ್ಲೂ ಇದೆ, ಪಕ್ಕಪಕ್ಕ ಇಟ್ಟು ನೋಡಿದರೆ ಅಂತರ ಗೊತ್ತಾಗುತ್ತದೆ. ದೇಶ ಚಿಕ್ಕದಿದ್ದರೆ ಇನ್ನೂ ಹುಷಾರು. ಲಕ್ಸೆಂಬರ್ಗ್‌ಗೆ ಪಕ್ಕದ ದೇಶಗಳವರು ಬಂದು ಕಾಫಿ ಕೊಂಡುಹೋಗುತ್ತಾರೆ, ಲೆಕ್ಕ ಮಾತ್ರ ಅಲ್ಲಿನವರ ತಲೆ ಮೇಲೆ ಬೀಳುತ್ತದೆ. ನಿಮ್ಮ ದೇಶದ ಹೆಸರು ಹೇಳಿಲ್ಲ ನೀವು. ಹೇಳಿದರೆ ಆಮದು, ರಫ್ತಿನ ಸಾಲು ತೆಗೆದು ಆ ಜಿಗಿತ ಎಲ್ಲಿಂದ ಬಂತು ಅಂತ ಒಟ್ಟಿಗೇ ನೋಡಬಹುದು.