ಅಮ್ಮನ ವೀಸಾಕ್ಕೆ ನನ್ನ ವಿಳಾಸ

ತಂಗೀ, ಗ್ರೀನ್ ಕಾರ್ಡ್ ಬಂದು ನಾಲ್ಕು ತಿಂಗಳಾಯಿತು, ಹಾಸನದಲ್ಲಿ ನನ್ನ ಅಮ್ಮ ಒಬ್ಬರೇ ಇದ್ದಾರೆ, ಅವರನ್ನು ಅಮೆರಿಕಕ್ಕೆ ಕರೆಸಲು ನಾನಿಲ್ಲಿ ಎಷ್ಟು ವರ್ಷ ಇರಬೇಕು, ನಡುವೆ ಒಂದೆರಡು ವರ್ಷ ಊರಲ್ಲಿದ್ದು ಬರಬಹುದೇ ಎಂದು ಕೇಳಿದ್ದೀಯ. ಓದುತ್ತಿದ್ದಂತೆ 1999ರ ಜನವರಿ ನೆನಪಾಯಿತು. ಮಿಷಿಗನ್ನಿನ ಹಿಮದಲ್ಲಿ ಬಂದಿಳಿದಾಗ ಪೆಟ್ಟಿಗೆ ತುಂಬ ನನ್ನಮ್ಮನ ಹುಳಿಪುಡಿಯ ವಾಸನೆ. ಆ ರಾತ್ರಿಯೇ ಅಂದುಕೊಂಡೆ, ಇವರನ್ನು ಇಲ್ಲಿಗೆ ಕರೆಸಿಕೊಳ್ಳಲೇಬೇಕು ಎಂದು.

ಗ್ರೀನ್ ಕಾರ್ಡ್ ಇದ್ದವರು ಗಂಡ, ಹೆಂಡತಿ, ಮದುವೆಯಾಗದ ಮಕ್ಕಳಿಗೆ ಮಾತ್ರ ಅರ್ಜಿ ಹಾಕಬಹುದು. ನಿನ್ನ ಅಮ್ಮನಿಗೆ ಹಾಕಲು ನೀನು ಪೌರಳಾಗಬೇಕು, 21 ತುಂಬಿರಬೇಕು. ಪೌರತ್ವಕ್ಕೆ ಐದು ವರ್ಷ. ನಿನ್ನ ಯಜಮಾನರು ಅಮೆರಿಕದ ಪೌರರಾದ್ದರಿಂದ, ಜೊತೆಯಲ್ಲೇ ಬಾಳಿದರೆ ಮೂರು. ಅದರಲ್ಲಿ ಅರ್ಧದಷ್ಟು ಕಾಲವಾದರೂ ನೀನು ಅಮೆರಿಕದ ನೆಲದ ಮೇಲೇ ಇರಬೇಕು. ಒಮ್ಮೆಗೆ ಆರು ತಿಂಗಳು ದಾಟಿದರೆ ಪ್ರಶ್ನೆ ಏಳುತ್ತದೆ, ವರ್ಷವಾದರೆ ಲೆಕ್ಕವೇ ಮುರಿಯುತ್ತದೆ. ಮರುಪ್ರವೇಶದ ಪರವಾನಗಿ ಎರಡು ವರ್ಷದವರೆಗೆ ಕಾರ್ಡನ್ನು ಕಾಪಾಡೀತು, ಈ ಲೆಕ್ಕವನ್ನು ಕಾಪಾಡುವುದಿಲ್ಲ.

ಪೌರತ್ವ ಬಂದರೆ ಎಲ್ಲವೂ ಮುಗಿಯಿತು ಎಂದು ನಾನು ನಂಬಿದ್ದೆ. ಅಪ್ಪ ಹೋದ ಮೇಲೆ 2011ರಲ್ಲಿ ಸಂಸಾರ ಸಮೇತ ಮೈಸೂರಿಗೆ ಮರಳಿ, ಅಮ್ಮನ ಜೊತೆ ಇದ್ದುಕೊಂಡೇ ಅವರನ್ನು ಕರೆಸಲು ಐ-130 ಎಂಬ ಅರ್ಜಿ ಹಾಕಿದೆ. ಮಿಷಿಗನ್ನಿನ ಮನೆ ಮಾರಿದ್ದೆವು, ಬ್ಯಾಂಕ್ ಖಾತೆ ಮುಚ್ಚಿದ್ದೆವು. ಆದರೆ ಐ-864ಕ್ಕೆ, ಎಂದರೆ ಬರುವವರ ಜೀವನಕ್ಕೆ ನಾನು ಹೊಣೆ ಎಂಬ ಪತ್ರಕ್ಕೆ, ಸಹಿ ಹಾಕುವವರ ನೆಲೆ ಅಮೆರಿಕದಲ್ಲೇ ಇರಬೇಕು. ಹೊರಗಿದ್ದರೆ, ಅಮ್ಮ ಕಾಲಿಡುವ ಹೊತ್ತಿಗೆ ನಾವೂ ಅಲ್ಲಿ ನೆಲೆಸುತ್ತೇವೆ ಎಂಬುದಕ್ಕೆ ಬಾಡಿಗೆ ಕರಾರು, ಕೆಲಸ, ಮಕ್ಕಳ ಶಾಲೆ ಇಂಥ ಪುರಾವೆ ತೋರಿಸಬೇಕು. ವರಮಾನ ಬಡತನರೇಖೆಯ ಶೇ. 125ಕ್ಕೆ ಕಡಿಮೆಯಾದರೆ ಇನ್ನೊಬ್ಬರು ಜೊತೆಗೂಡಿ ಸಹಿ ಹಾಕಬಹುದು. ನೆಲೆಯ ವಿಷಯದಲ್ಲಿ ಹಾಗಿಲ್ಲ, ಅದು ಅರ್ಜಿ ಹಾಕಿದವರದೇ ಆಗಿರಬೇಕು.

ಮುಂಬೈಯ ವೀಸಾ ಸಂದರ್ಶನಕ್ಕೆ ಅಮ್ಮ ಮದುವೆಯ ಸೀರೆ ಉಟ್ಟಿದ್ದರು. ಮಗಳು ಎಲ್ಲಿದ್ದಾಳೆ ಎಂದು ಕೇಳಿದ್ದಕ್ಕೆ, "ನನ್ನ ಜೊತೆಗೇ ಇದ್ದಾಳೆ, ದಿನವೂ ಅವಳೇ ಬಡಿಸುತ್ತಾಳೆ" ಎಂದರಂತೆ. ಹೊರಗೆ ಬಂದು ಆ ಮಾತನ್ನು ನನಗೆ ಹೇಳುವಾಗಲೂ ಮುಖ ಅರಳಿತ್ತು. ಕೈಯಲ್ಲಿದ್ದ ಚೀಟಿಯಲ್ಲಿ ಮಾತ್ರ ನೆಲೆಯ ಪುರಾವೆ ಕೇಳಿದ್ದರು, ಒಂದು ವರ್ಷದ ಗಡುವು.

ಅಮ್ಮನನ್ನು ಕರೆದೊಯ್ಯಲು ಅಮ್ಮನನ್ನು ಬಿಟ್ಟು ಹೊರಟೆ. ಅವರ ಮಂಡಿನೋವಿಗೆಂದು ಮೆಟ್ಟಿಲಿಲ್ಲದ ಮನೆ ಹುಡುಕಲು ಎರಡು ತಿಂಗಳು ಹಿಡಿಯಿತು. ಕರಾರಿಗೆ ಸಹಿ ಹಾಕಿದ ಹದಿನೇಳನೆಯ ದಿನ ನಸುಕಿನಲ್ಲಿ ಮೈಸೂರಿನಿಂದ ಯಜಮಾನರ ಫೋನ್ ಬಂತು. ಕೊನೆಯ ಹೊತ್ತಿನಲ್ಲಿ ಅಮ್ಮನ ಬಾಯಿಗೆ ನೀರು ಬಿಟ್ಟವನು ನನ್ನ ಮಗ. ನಾನಿರಲಿಲ್ಲ.

ನೀನು ಊರಿಗೆ ಹೋಗು, ಬೇಡವೆನ್ನುವುದಿಲ್ಲ. ಪ್ರತಿ ವರ್ಷ ಹೋಗು, ಮೂರು ತಿಂಗಳಿದ್ದು ಬಾ. ಅಮೆರಿಕದ ಖಾತೆ, ವಿಳಾಸ ಹಾಗೆಯೇ ಇರಲಿ, ತೆರಿಗೆ ಲೆಕ್ಕ ತಪ್ಪದೆ ಸಲ್ಲಿಸು. ಈ ಸಲ ಹೋದಾಗ ನಿನ್ನ ಜನನ ಪ್ರಮಾಣಪತ್ರ ತೆಗೆದು, ಅದರಲ್ಲಿರುವ ಅಮ್ಮನ ಹೆಸರೂ ಅವರ ಪಾಸ್‌ಪೋರ್ಟಿನ ಹೆಸರೂ ಒಂದೇ ಆಗಿದೆಯೇ ನೋಡು. ತಿದ್ದಿಸಬೇಕಾದರೆ ಅವರನ್ನೂ ಜೊತೆಗೆ ಕರೆದುಕೊಂಡು ಹೋಗು.