ಎಷ್ಟು ಸಿಕ್ಕಿತು, ಎಷ್ಟು ಹುಡುಕಿದ್ದಕ್ಕೆ?

ಪ್ರಶ್ನೆ: ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿದ್ದೇನೆ. ರೋಗಗಳ ಬಗ್ಗೆ ವಿಜ್ಞಾನ ಲೇಖನ ಬರೆಯುವ ಆಸೆ. ಅದಕ್ಕೆ ಸಾರ್ವಜನಿಕ ಆರೋಗ್ಯದಲ್ಲಿ ಇನ್ನೊಂದು ಪದವಿ ಬೇಕೇ? ಬೋನಿಟ್ಟು ಇಲಿ ಎಣಿಸಿ ಕಲಿತದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆಯೇ?

ಉತ್ತರ: ಪದವಿ ಬೇಕೇಬೇಕು ಅಂತೇನಿಲ್ಲ. ಎಪಿಡೆಮಿಯಾಲಜಿ (ಜನರಲ್ಲಿ ರೋಗ ಹರಡುವ ಬಗೆಯ ಅಧ್ಯಯನ) ಮತ್ತು ಸಂಖ್ಯಾಶಾಸ್ತ್ರದ ಒಂದೊಂದು ಪ್ರಾಥಮಿಕ ಕೋರ್ಸ್ ಮಾಡಿಕೊಂಡರೆ ಬರೆಯಲು ಶುರು ಮಾಡಬಹುದು. ಇಲಿ ಎಣಿಸಿದ್ದು ಮಾತ್ರ ದೊಡ್ಡ ಬಂಡವಾಳ. ‘ಎಷ್ಟು ಸಿಕ್ಕಿತು’ ಎಂದ ಕೂಡಲೇ ‘ಎಷ್ಟು ಹುಡುಕಿದ್ದಕ್ಕೆ’ ಎಂದು ಕೇಳುವ ಅಭ್ಯಾಸ ನಿಮಗೆ ಆಗಲೇ ಬಂದಿದೆ. ಆರೋಗ್ಯದ ಸುದ್ದಿಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ.

50 ಬೋನುಗಳನ್ನು 4 ರಾತ್ರಿ ಇಟ್ಟರೆ 200 ಬೋನು-ರಾತ್ರಿ. 12 ಇಲಿ ಬಿದ್ದರೆ ನೂರಕ್ಕೆ 6. ಮರುವರ್ಷ 100 ಬೋನು, ಅದೇ 4 ರಾತ್ರಿ, ಬಿದ್ದದ್ದು 18. ‘ಇಲಿಗಳು ಒಂದೂವರೆ ಪಟ್ಟು’ ಎಂದು ಬರೆದರೆ ತಪ್ಪು; 400ಕ್ಕೆ 18 ಅಂದರೆ ನೂರಕ್ಕೆ 4.5. ಸಂಖ್ಯೆ ಏರಿದೆ, ಪ್ರಮಾಣ ಇಳಿದಿದೆ. ಬೆಳಿಗ್ಗೆ ಹೋದಾಗ ಒಳಗೆ ಏನೂ ಇಲ್ಲದೆ ಬಾಗಿಲು ಬಿದ್ದಿರುವ ಬೋನುಗಳೂ ಇರುತ್ತವೆ. ಸಂಜೆಯೇ ಬಿತ್ತೋ, ನಸುಕಿನಲ್ಲಿ ಬಿತ್ತೋ ತಿಳಿಯದು. ಅದಕ್ಕೇ ಅಂಥ ಪ್ರತಿ ಬೋನಿಗೆ ಒಟ್ಟು ಬೋನು-ರಾತ್ರಿಗಳ ಲೆಕ್ಕದಿಂದ ಅರ್ಧ ರಾತ್ರಿ ಕಳೆಯುವುದು ವಾಡಿಕೆ. ಈ ಅರ್ಧ ರಾತ್ರಿಯ ಮೇಲಿನ ನಿಗಾ ರೋಗದ ಅಂಕಿಗಳ ಮೇಲೂ ಇರಲಿ.

ಹೋದ ತಿಂಗಳು 400 ಜನರಿಗೆ ಪರೀಕ್ಷೆ, 40 ಪಾಸಿಟಿವ್. ಈ ತಿಂಗಳು 1,000 ಜನರಿಗೆ ಪರೀಕ್ಷೆ, 60 ಪಾಸಿಟಿವ್. ‘ಪ್ರಕರಣ ಶೇ. 50ರಷ್ಟು ಹೆಚ್ಚಳ’ ಎಂಬ ಶೀರ್ಷಿಕೆ ಲೆಕ್ಕಕ್ಕೆ ಸರಿ, ಅರ್ಥಕ್ಕೆ ತಪ್ಪಿರಬಹುದು. ಪಾಸಿಟಿವ್ ಪ್ರಮಾಣ ಶೇ. 10ರಿಂದ 6ಕ್ಕೆ ಇಳಿದಿದೆ. ಹಾಗಂತ ‘ರೋಗ ಇಳಿಮುಖ’ ಎಂದು ಬರೆಯಲೂ ಆತುರಪಡಬೇಡಿ. ಮೊದಲು ಜ್ವರ ಇದ್ದವರಿಗಷ್ಟೇ ಪರೀಕ್ಷೆ ಮಾಡಿ, ಈಗ ಅವರ ಮನೆಮಂದಿಗೂ ಮಾಡಿದ್ದರೆ ಆ ಪ್ರಮಾಣ ತಾನಾಗಿಯೇ ತಗ್ಗುತ್ತದೆ. ಯಾರಿಗೆ ಪರೀಕ್ಷೆ ಮಾಡಿದರು, ಕಿಟ್ ಬದಲಾಯಿತೇ, ರೋಗಿ ಎಂದು ಎಣಿಸುವ ವ್ಯಾಖ್ಯೆ ಬದಲಾಯಿತೇ ಎಂದು ಕೇಳಿ ತಿಳಿದ ಮೇಲೆ ವಾಕ್ಯ ಬರೆಯಿರಿ. ಸಂಶೋಧನಾ ಪ್ರಬಂಧ ಕೈಗೆ ಬಂದಾಗಲೂ ಸಾರಾಂಶ ಓದಿ ನಿಲ್ಲಿಸದೆ, ವಿಧಾನದ ಭಾಗ ಮತ್ತು ಮೊದಲ ಕೋಷ್ಟಕಕ್ಕೆ ಹೋಗಿ. ಯಾರನ್ನು ಸೇರಿಸಿಕೊಂಡರು, ಯಾರು ನಡುವೆ ಬಿಟ್ಟುಹೋದರು ಎಂಬುದು ಸಾಮಾನ್ಯವಾಗಿ ಅಲ್ಲಿರುತ್ತದೆ.

ಪ್ರಶ್ನೆ: ಶೇ. 90 ಸರಿಯಾದ ಪರೀಕ್ಷೆಯಲ್ಲೂ ಪಾಸಿಟಿವ್ ಬಂದ ಬಹುಪಾಲು ಜನರಿಗೆ ರೋಗ ಇರದಿರಬಹುದು ಎಂದು ಓದಿದೆ. ಹೇಗೆ ಸಾಧ್ಯ?

ಉತ್ತರ: ಕಾಗದದ ಮೇಲೆ 1,000 ಜನರನ್ನು ಕೂರಿಸಿ. ರೋಗ ಇರುವುದು ಶೇ. 1ರಷ್ಟು, ಅಂದರೆ 10 ಮಂದಿಗೆ. ಪರೀಕ್ಷೆ ಅವರಲ್ಲಿ 9 ಜನರನ್ನು ಹಿಡಿಯುತ್ತದೆ. ರೋಗವಿಲ್ಲದ 990 ಜನರಲ್ಲಿ ಶೇ. 10, ಅಂದರೆ 99 ಮಂದಿಗೂ ತಪ್ಪಾಗಿ ಪಾಸಿಟಿವ್ ಎನ್ನುತ್ತದೆ. ಒಟ್ಟು 108ರಲ್ಲಿ ನಿಜವಾದ ರೋಗಿಗಳು 9, ಸುಮಾರು ಶೇ. 8. ರೋಗ ಶೇ. 30ರಷ್ಟು ಇರುವ ಕಡೆ ಅದೇ ಪರೀಕ್ಷೆ ಮಾಡಿದರೆ 340 ಪಾಸಿಟಿವ್‌ಗಳಲ್ಲಿ 270 ನಿಜ. ಪರೀಕ್ಷೆ ಬದಲಾಗಿಲ್ಲ, ಜನಸಮೂಹ ಬದಲಾಗಿದೆ. ಲೇಖನದಲ್ಲಿ ಶೇಕಡಾವಾರಿನ ಬದಲು ಹೀಗೆ ತಲೆ ಎಣಿಸಿ ತೋರಿಸಿದರೆ ಓದುಗರಿಗೆ ಬೇಗ ತಿಳಿಯುತ್ತದೆ.

ಪ್ರಶ್ನೆ: ಪ್ರಾಣಿಗಳಿಂದ ಬರುವ ರೋಗದ ಬಗ್ಗೆ ಬರೆದರೆ ಜನ ಆ ಪ್ರಾಣಿಯನ್ನೇ ದೂರುತ್ತಾರೆ. ಹೇಗೆ ಬರೆಯಬೇಕು?

ಉತ್ತರ: ಒಂದೇ ಪ್ರಾಣಿಯ ಹೆಸರು ಹೇಳಿ ಬಿಡಬೇಡಿ, ವೈರಸ್ ನಡೆದುಬರುವ ದಾರಿಯನ್ನು ಪೂರ್ತಿ ತೋರಿಸಿ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯನ್ನೇ ನೋಡಿ. ಮನುಷ್ಯರಿಗೆ ಅದು ತಗಲುವುದು ಹೆಚ್ಚಾಗಿ ಉಣುಗು ಕಚ್ಚುವುದರಿಂದ. ಮಂಗವೂ ಅದೇ ಉಣುಗಿನಿಂದ ಸೋಂಕು ತಗಲಿಸಿಕೊಂಡು ಸಾಯುತ್ತದೆ. ಸತ್ತ ಮೇಲೆ ಅದರ ಮೈಮೇಲಿನ ಉಣುಗುಗಳು ಅಲ್ಲೇ ಉದುರುವುದರಿಂದ ಆ ಜಾಗ ಅಪಾಯದ ತಾಣವಾಗುತ್ತದೆ. ದನಗಳು ವೈರಸ್ ಹಬ್ಬಿಸುವುದರಲ್ಲಿ ಮುಖ್ಯವಲ್ಲ, ಆದರೆ ದೊಡ್ಡ ಉಣುಗುಗಳಿಗೆ ರಕ್ತ ಕೊಟ್ಟು ಅವುಗಳ ಸಂತತಿ ಹೆಚ್ಚಿಸುತ್ತವೆ. ಮನುಷ್ಯನಿಂದ ಮನುಷ್ಯನಿಗೆ ಇದು ಹರಡುವುದಿಲ್ಲ. ಈ ಒಂದು ಸಾಲು ಬಿಟ್ಟರೆ ಊರವರು ರೋಗಿಯ ಮನೆಯತ್ತ ಸುಳಿಯುವುದನ್ನೇ ನಿಲ್ಲಿಸುತ್ತಾರೆ.

ಮಂಗದ ಸಾವು ಜನರಿಗೆ ಸಿಗುವ ಮುನ್ಸೂಚನೆ. ‘ಮಂಗಗಳಿಂದ ಕಾಯಿಲೆ’ ಎಂಬ ಶೀರ್ಷಿಕೆ ಕಂಡವರು ಮಂಗಗಳನ್ನು ಓಡಿಸಲು ಹೊರಡುತ್ತಾರೆ. ಅದರ ಬದಲು ‘ಕಾಡಿನಲ್ಲಿ ಮಂಗ ಸತ್ತಿದೆ, ಮುಟ್ಟಬೇಡಿ, ಆರೋಗ್ಯ ಇಲಾಖೆಗೆ ತಿಳಿಸಿ’ ಎಂದು ಬರೆಯಿರಿ. ಸೌದೆಗೋ ಸೊಪ್ಪಿಗೋ ಕಾಡಿಗೆ ಹೋಗಲೇಬೇಕಾದವರಿಗೆ ಮೈ ಮುಚ್ಚುವ ಬಟ್ಟೆ ಹಾಕಲು, ಉಣುಗು ದೂರವಿಡುವ ತೈಲ ಹಚ್ಚಿಕೊಳ್ಳಲು, ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡಲು ಹೇಳಿ. ಉಣುಗಿನ ಮರಿಗಳು ಮನುಷ್ಯರನ್ನು ಹೆಚ್ಚು ಕಚ್ಚುವುದು ಮಳೆ ನಿಂತ ಮೇಲಿನ ಒಣ ತಿಂಗಳುಗಳಲ್ಲಿ. ಹಾಗಾಗಿ ಇಂಥ ಲೇಖನ ಅಚ್ಚಾಗಬೇಕಾದದ್ದು ಮೊದಲ ಜ್ವರದ ಸುದ್ದಿ ಬರುವ ಮುಂಚೆ, ಮಳೆಗಾಲ ಮುಗಿಯುತ್ತಿರುವಾಗಲೇ.