ಸೆಟಲ್ ಆದ ಕಾರ್ಡು, ಸಿಗದ ಗೃಹಸಾಲ

ಪ್ರಶ್ನೆ: ಹಳೆಯ ಕ್ರೆಡಿಟ್ ಕಾರ್ಡ್ ಬಾಕಿಯನ್ನು ಸೆಟಲ್‌ಮೆಂಟ್ ಮಾಡಿ, ಅಂದರೆ ಒಂದಷ್ಟು ಕಟ್ಟಿ ಉಳಿದದ್ದನ್ನು ಬ್ಯಾಂಕಿನಿಂದ ಬಿಡಿಸಿಕೊಂಡು, ಮುಗಿಸಿದ್ದೆ. ಸಿಬಿಲ್ ಸ್ಕೋರ್ (ಸಾಲ ತೀರಿಸಿದ ರೀತಿ ನೋಡಿ ಕೊಡುವ ಅಂಕ) ಈಗ 640. ಮೊದಲ ಗೃಹಸಾಲ ಸಿಕ್ಕೀತೇ?

ಉತ್ತರ: ಸಿಗಬಹುದು, ಆದರೆ ಈಗಲೇ ಅರ್ಜಿ ಹಾಕಬೇಡಿ. ಸ್ಕೋರ್‌ಗಿಂತ ಹೆಚ್ಚು ಅಡ್ಡ ಬರುವುದು ಸಿಬಿಲ್ ವರದಿಯಲ್ಲಿರುವ ‘ಸೆಟಲ್ಡ್’ ನಮೂದು. ಪೂರ್ತಿ ಕಟ್ಟಿಲ್ಲ ಎಂದೇ ಬ್ಯಾಂಕಿನವರು ಅದನ್ನು ನೋಡುತ್ತಾರೆ. ಕಾರ್ಡ್ ಕೊಟ್ಟ ಬ್ಯಾಂಕಿಗೆ ಅಂದು ಬಿಟ್ಟ ಮೊತ್ತ ಕಟ್ಟಿ, ಬಾಕಿ ಇಲ್ಲ ಎಂಬ ನೋ ಡ್ಯೂಸ್ ಪತ್ರ ಪಡೆದು, ಖಾತೆಯನ್ನು ‘ಕ್ಲೋಸ್ಡ್’ ಎಂದು ತಿದ್ದಿಸಿ. ತಿದ್ದದಿದ್ದರೆ ಬ್ಯಾಂಕಿಗೋ ಸಿಬಿಲ್‌ಗೋ ದೂರು ಕೊಡಿ. 30 ದಿನದೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರವಿದೆ.

ನಾಲ್ಕೈದು ಬ್ಯಾಂಕುಗಳಿಗೆ ಒಟ್ಟಿಗೆ ಅರ್ಜಿ ಬೇಡ, ಬ್ಯಾಂಕು ಸ್ಕೋರ್ ವಿಚಾರಿಸಿದ ಪ್ರತಿ ಸಲವೂ ವರದಿಯಲ್ಲಿ ದಾಖಲಾಗುತ್ತದೆ. 30 ಲಕ್ಷದವರೆಗಿನ ಸಾಲಕ್ಕೆ ಮನೆ ಬೆಲೆಯ ಶೇ. 90ರಷ್ಟು ಕೊಡಲು ನಿಯಮವೇನೋ ಬಿಡುತ್ತದೆ. ಈ ಸ್ಕೋರ್‌ಗೆ ಅಷ್ಟನ್ನು ನಂಬಿ ಅಡ್ವಾನ್ಸ್ ಕೊಟ್ಟೀರಿ, ಜೋಕೆ! ನೋಂದಣಿ, ಮುದ್ರಾಂಕದ ಖರ್ಚೂ ನಿಮ್ಮ ಕೈಯದೇ.